ಕಣ್ಣು ಮಸುಕು, ಗೂಡಿನ ಕಡ್ಡಿ ಸ್ಪಷ್ಟ

(ಡಿಜಿಟಲ್ ಕ್ಯಾಮೆರಾದ ಆಟೋಫೋಕಸ್, ಅಂದರೆ ಕ್ಯಾಮೆರಾ ತಾನೇ ಫೋಕಸ್ ಹಿಡಿಯುವ ಏರ್ಪಾಡಿನ ಬಗ್ಗೆ ಮೈಸೂರಿನಲ್ಲಿ ಹವ್ಯಾಸಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳ ಬದಲು ಇಲ್ಲಿ ವಿವರಣೆ ಸೇರಿಸಿದೆ. ಕೊನೆಯ ಪ್ರಶ್ನೋತ್ತರವನ್ನು ಮೊಟಕು ಮಾಡಿದೆ.)

ಎಲ್ಲರಿಗೂ ನಮಸ್ಕಾರ. ಪರದೆ ಮೇಲಿರುವುದು ರಂಗನತಿಟ್ಟಿನ ಒಂದು ಹೆಜ್ಜಾರ್ಲೆ. ಕ್ಯಾಮೆರಾ ಹಿಂದಿನ ಮೂರಿಂಚಿನ ಸ್ಕ್ರೀನಿನಲ್ಲಿ ನೋಡಿದರೆ ಯಾವ ಐಬೂ ಇಲ್ಲ. ಈಗ ಇದನ್ನೇ ಶೇಕಡಾ 100ಕ್ಕೆ ಹಿಗ್ಗಿಸುತ್ತೇನೆ. ಕಣ್ಣು ಹಿಂಜಿದ ಹತ್ತಿಯ ಹಾಗಾಯಿತು. ಕುತ್ತಿಗೆಯ ಗರಿಗಳೂ ಒಂದಕ್ಕೊಂದು ಅಂಟಿಕೊಂಡವು. ಆದರೆ ಕೆಳಗೆ, ಹಕ್ಕಿಗಿಂತ ಒಂದು ಗೇಣು ಮುಂದೆ, ಗೂಡಿನಿಂದ ಹೊರಚಾಚಿದ ಆ ಒಣ ಕಡ್ಡಿ ನೋಡಿ. ಅದರ ತೊಗಟೆ ಸೀಳಿರುವುದು ಕೂಡ ಕಾಣುತ್ತಿದೆ.

ಕ್ಯಾಮೆರಾ ಫೋಕಸ್ ಮಾಡಲಿಲ್ಲ ಅಂತ ನಾವು ದೂರುವುದು ಇಂಥ ಚಿತ್ರ ಸಿಕ್ಕಾಗಲೇ. ಮಾಡಿದೆ ಸ್ವಾಮಿ, ಬಹಳ ಚೆನ್ನಾಗಿ ಮಾಡಿದೆ, ಕಡ್ಡಿಗೆ. ಫೋಕಸ್ ಹಿಡಿಯುವ ಜಾಗ ತೋರಿಸುವ ಪುಟ್ಟ ಚೌಕದ ಒಳಗೆ ಎದ್ದು ಕಾಣುವ ಗೆರೆ ಎಲ್ಲಿ ಸಿಕ್ಕಿತೋ ಅದನ್ನು ಹಿಡಿಯಿತು. ಈ ಹೊತ್ತಿನ ಮಾತೆಲ್ಲ ಇಷ್ಟರ ಸುತ್ತಲೇ: ಆಟೋಫೋಕಸ್‌ಗೆ ಬೇಕಿರುವುದು ಒಂದು ಗೆರೆ, ಒಂದು ಅಂಚು. ನಮಗೆ ಬೇಕಾದ ಅಂಚನ್ನು ಅದರ ಕೈಗೆ ಕೊಡದಿದ್ದರೆ ತನಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ.

ಮೊದಲು ಇದು ಫೋಕಸ್ ತಪ್ಪೇ ಅಂತ ಖಾತ್ರಿ ಮಾಡಿಕೊಳ್ಳಿ

ಮಸುಕಾದ ಚಿತ್ರವೆಲ್ಲ ಫೋಕಸ್ ತಪ್ಪಿದ ಚಿತ್ರವಲ್ಲ. ಕಂಪ್ಯೂಟರಿನಲ್ಲಿ ಪೂರ್ತಿ ಹಿಗ್ಗಿಸಿ, ಎಲ್ಲಾದರೂ ಒಂದು ಕಡೆ ಸ್ಪಷ್ಟವಾಗಿದೆಯೇ ಅಂತ ಹುಡುಕಿ. ಮುಂದಿನ ಎಲೆಯೋ ಹಿಂದಿನ ಗೋಡೆಯೋ ಚೊಕ್ಕವಾಗಿದ್ದು ವಿಷಯ ಮಾತ್ರ ಮೆತ್ತಗಿದ್ದರೆ ಅದು ಫೋಕಸ್ ತಪ್ಪು. ಎಲ್ಲೂ ಸ್ಪಷ್ಟವಿಲ್ಲ, ಪ್ರತಿ ಚುಕ್ಕೆಯೂ ಒಂದೇ ದಿಕ್ಕಿಗೆ ಎಳೆದ ಹಾಗಿದೆ ಅಂದರೆ ಕೈ ಅಲುಗಿದೆ. ಹಿನ್ನೆಲೆ ಕಲ್ಲಿನಂತಿದ್ದು ಹಕ್ಕಿಯ ರೆಕ್ಕೆ ಮಾತ್ರ ಬಳಿದಂತಿದ್ದರೆ ಶಟರ್ ವೇಗ ಸಾಲದು. ಗೆರೆ ಎಳೆದಂತೆಯೂ ಇಲ್ಲ, ಎಲ್ಲೂ ಸ್ಪಷ್ಟವೂ ಇಲ್ಲ, ಇಡೀ ಚಿತ್ರದ ಮೇಲೆ ಹಾಲು ಸುರಿದಂತಿದೆ ಅಂದರೆ ಲೆನ್ಸ್ ತೆಗೆದು ಬೆಳಕಿಗೆ ಹಿಡಿಯಿರಿ: ಬೆರಳ ಗುರುತು, ಇಬ್ಬನಿ, ಫಂಗಸ್, ಇಲ್ಲವೇ ಅಗ್ಗದ ಯುವಿ ಫಿಲ್ಟರ್. 400 ಮಿ.ಮೀ. ದಾಟಿದ ಲೆನ್ಸಿಗೆ ಅಗ್ಗದ ಫಿಲ್ಟರ್ ಹಾಕಿ, ಆಮೇಲೆ ಲೆನ್ಸನ್ನು ಬೈಯುವವರು ಬಹಳ. ಫಿಲ್ಟರ್ ಬಿಚ್ಚಿ ನಾಲ್ಕು ಚಿತ್ರ ತೆಗೆದರೆ ಗುಟ್ಟು ರಟ್ಟಾಗುತ್ತದೆ.

ಕೈ ಅಲುಗಾಟಕ್ಕೆ ಹಳೆಯ ಲೆಕ್ಕವೇ ಸಾಕು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 200 ಮಿ.ಮೀ. ಲೆನ್ಸಿಗೆ ಕನಿಷ್ಠ 1/200 ಸೆಕೆಂಡು. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವ ಚಿಕ್ಕದಾದ ಕ್ರಾಪ್ ಸೆನ್ಸರಿನ ಬಾಡಿಯಲ್ಲಿ (ಬಾಡಿ ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಅದೇ ಲೆನ್ಸಿಗೆ 1/300ಕ್ಕಿಂತ ಮೇಲೆ. ಲೆನ್ಸಿನ ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಎದುರಿಗಿರುವ ಮಗುವಿನ ಓಡಾಟವನ್ನು ತಡೆಯುವುದಿಲ್ಲ. ಹಾಗಾಗಿ ಕೂತವರಿಗೆ 1/125, ನಡೆಯುವವರಿಗೆ 1/250, ಓಡುವವರಿಗೆ 1/1000, ಹಾರುವ ಹಕ್ಕಿಗೆ 1/2000 ಅಂತ ಮನಸ್ಸಿನಲ್ಲಿರಲಿ. ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಏರಿದರೆ ಏರಲಿ. ಕಾಳುಕಾಳಾದ ಸ್ಪಷ್ಟ ಚಿತ್ರವನ್ನು ಆಮೇಲೆ ನುಣುಪು ಮಾಡಬಹುದು, ಬಳಿದುಹೋದ ಚಿತ್ರಕ್ಕೆ ಮದ್ದಿಲ್ಲ.

ಇನ್ನೊಂದು ಚಿಲ್ಲರೆ ವಿಷಯ, ಆದರೆ ಎಷ್ಟೋ ಜನ ಇಲ್ಲೇ ಮೋಸಹೋಗುತ್ತಾರೆ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಪಕ್ಕದಲ್ಲಿ ಒಂದು ಪುಟ್ಟ ಚಕ್ರ ಇದೆ, ಡಯಾಪ್ಟರ್. ಬ್ಯಾಗಿನಲ್ಲಿ ಉಜ್ಜಿ ಅದು ತಿರುಗಿಬಿಟ್ಟಿದ್ದರೆ ಎಲ್ಲವೂ ಮಂಜಾಗಿ ಕಾಣುತ್ತದೆ. ಸರಿಪಡಿಸುವಾಗ ದೃಶ್ಯವನ್ನು ನೋಡಬೇಡಿ. ಒಳಗಡೆ ಕಾಣುವ ಅಂಕಿಗಳು ಸ್ಪಷ್ಟವಾಗುವ ತನಕ ತಿರುಗಿಸಿ. ಕನ್ನಡಕ ಹಾಕುವವರು ಯಾವುದಾದರೂ ಒಂದನ್ನು ನೆಚ್ಚಿಕೊಳ್ಳಿ, ಕನ್ನಡಕ ಹಾಕಿಯೋ ತೆಗೆದೋ.

ಆ ಚೌಕದ ಒಳಗೆ ನಡೆಯುವುದೇನು

ಫೋಕಸ್ ಹುಡುಕಲು ಎರಡು ಬಗೆ ಇದೆ. ಒಂದು ಕಾಂಟ್ರಾಸ್ಟ್ ನೋಡುವುದು. ಲೆನ್ಸನ್ನು ಸ್ವಲ್ಪ ಸರಿಸುತ್ತದೆ, ಅಂಚು ಗಟ್ಟಿಯಾಯಿತೇ ನೋಡುತ್ತದೆ, ಇನ್ನಷ್ಟು ಸರಿಸುತ್ತದೆ, ದಾಟಿಹೋದರೆ ವಾಪಸು ಬರುತ್ತದೆ. ಹಳೆಯ ರೇಡಿಯೋದಲ್ಲಿ ಆಕಾಶವಾಣಿ ಹುಡುಕಲು ಮುಳ್ಳನ್ನು ಆಚೀಚೆ ತಿರುಗಿಸುತ್ತಿದ್ದ ಹಾಗೆ. ನಿಖರ, ಆದರೆ ನಿಧಾನ. ಇನ್ನೊಂದು ಫೇಸ್ (phase) ಡಿಟೆಕ್ಷನ್. ಲೆನ್ಸಿನ ಎಡಬದಿಯಿಂದ ಬಂದ ಬೆಳಕು, ಬಲಬದಿಯಿಂದ ಬಂದ ಬೆಳಕು ಎರಡನ್ನೂ ಬೇರೆಬೇರೆಯಾಗಿ ತೆಗೆದುಕೊಂಡು ಹೊಂದಿಸಿ ನೋಡುತ್ತದೆ. ಎರಡೂ ಒಂದರ ಮೇಲೊಂದು ಕೂತರೆ ಫೋಕಸ್ ಸರಿ. ಕೂರದಿದ್ದರೆ ಯಾವ ಕಡೆಗೆ, ಎಷ್ಟು ತಪ್ಪಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಲೆನ್ಸ್ ನೇರವಾಗಿ ಅಲ್ಲಿಗೇ ಓಡುತ್ತದೆ.

ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ನಲ್ಲಿ ಈ ಕೆಲಸ ನಡೆಯುವುದು ಕನ್ನಡಿಯ ಕೆಳಗೆ. ಮುಖ್ಯ ಕನ್ನಡಿಯ ನಡುಭಾಗ ಅರೆಪಾರದರ್ಶಕ. ಅದನ್ನು ದಾಟಿದ ಬೆಳಕು ಹಿಂದಿನ ಪುಟ್ಟ ಕನ್ನಡಿಗೆ ಬಡಿದು ಬಾಡಿಯ ತಳದಲ್ಲಿರುವ ಬೇರೊಂದು ಸೆನ್ಸರಿಗೆ ಹೋಗುತ್ತದೆ. ಬಾಡಿಯೊಳಗೇ ಮೋಟರ್ ಮತ್ತು ಆಟೋಫೋಕಸ್ ಎರಡನ್ನೂ ಕೂಡಿಸಿದ ಮಿನೋಲ್ಟಾ 7000 ಎಂಬ ಫಿಲಂ ಕ್ಯಾಮೆರಾ ಬಂದದ್ದು 1985ರಲ್ಲಿ. ಚಿತ್ರ ಹಿಡಿಯುವ ಸೆನ್ಸರಿನ ಪ್ರತಿ ಪಿಕ್ಸೆಲನ್ನೂ ಎರಡಾಗಿ ಸೀಳಿ ಅಲ್ಲೇ ಫೇಸ್ ಅಳೆಯುವ ಏರ್ಪಾಡನ್ನು ಕ್ಯಾನನ್ 2013ರಲ್ಲಿ 70ಡಿ ಬಾಡಿಯಲ್ಲಿ ತಂದಿತು. ಈಗಿನ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಅಳೆಯುವುದು ಹೀಗೆ ಚಿತ್ರದ ಸೆನ್ಸರಿನ ಮೇಲೆಯೇ. ಅಳೆಯುವ ಜಾಗವೂ ಚಿತ್ರ ಬೀಳುವ ಜಾಗವೂ ಬೇರೆಯೋ ಒಂದೆಯೋ ಎಂಬುದು ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿಟ್ಟಿರಿ.

ಎರಡು ಬಗೆಯಲ್ಲಿ ಯಾವುದಾದರೂ ಸರಿ, ಹೊಂದಿಸಿ ನೋಡಲು ಅಂಚು ಬೇಕೇಬೇಕು. ಇಲ್ಲಿ ಗೋಡೆಗೆ ತೂಗುಹಾಕಿರುವ ಕ್ಯಾಲೆಂಡರ್ ಕಡೆ ಕ್ಯಾಮೆರಾ ತಿರುಗಿಸುತ್ತೇನೆ. ಕಪ್ಪು ಅಂಕಿಯ ಮೇಲೆ ಚೌಕ ಇಟ್ಟರೆ ಪಿಕ್ ಅಂತ ಹಿಡಿಯಿತು. ಪಕ್ಕದ ಬರೀ ಸುಣ್ಣದ ಗೋಡೆಗೆ ಸರಿಸಿದರೆ ಲೆನ್ಸ್ ಹಿಂದಕ್ಕೂ ಮುಂದಕ್ಕೂ ಗರ್ ಗರ್ ಅನ್ನುತ್ತಿದೆ. ಇದಕ್ಕೇ ಹಂಟಿಂಗ್ ಅನ್ನುವುದು. ಮದುವೆ ಮನೆಯಲ್ಲಿ ಮೈಸೂರು ರೇಷ್ಮೆ ಸೀರೆಯ ಒಡಲಿನ ಮೇಲೆ ಚೌಕ ಬಿದ್ದರೂ ಹೀಗೇ ಆಗುತ್ತದೆ, ಏಕೆಂದರೆ ಒಡಲಿಡೀ ಒಂದೇ ನುಣುಪು ಬಣ್ಣ. ಎರಡು ಬೆರಳು ಈಚೆ ಸರಿಸಿ ಜರಿ ಅಂಚಿಗೆ ಇಟ್ಟರೆ ತಟ್ಟನೆ ಹಿಡಿಯುತ್ತದೆ. ಬಿಳಿ ಪಂಚೆ, ಬಿಸಿಲಲ್ಲಿ ಸುಟ್ಟ ಬೆಳ್ಳಕ್ಕಿಯ ಮೈ, ಮಂಜು ಮುಸುಕಿದ ಕುಕ್ಕರಹಳ್ಳಿ ಕೆರೆಯ ನೀರು, ಎಲ್ಲಕ್ಕೂ ಇದೇ ಕಾಯಿಲೆ, ಇದೇ ಮದ್ದು.

ಅಂಚಿನ ದಿಕ್ಕೂ ಮುಖ್ಯ. ಈ ಚೌಕಗಳನ್ನೇ ಪಾಯಿಂಟ್ ಅನ್ನುವುದು. ಕೆಲವು ಪಾಯಿಂಟ್‌ಗಳಿಗೆ ಅಡ್ಡಗೆರೆ ಮಾತ್ರ ಕಾಣುತ್ತದೆ, ಕೆಲವಕ್ಕೆ ಉದ್ದಗೆರೆ ಮಾತ್ರ. ಎರಡೂ ಕಾಣುವುದು ಕ್ರಾಸ್ ಟೈಪ್ ಪಾಯಿಂಟಿಗೆ. ನಿಕಾನ್ ಡಿ3500ರಲ್ಲಿ 11 ಪಾಯಿಂಟ್ ಇದ್ದರೂ ಕ್ರಾಸ್ ಟೈಪ್ ನಡುವಿನದೊಂದೇ. ಕ್ಯಾನನ್ 1500ಡಿಯಲ್ಲಿ 9, ಅಲ್ಲೂ ನಡುವಿನದೊಂದೇ. ನಿಕಾನ್ ಡಿ5600ರಲ್ಲಿ 39ರಲ್ಲಿ 9. ಡಿ500ರಲ್ಲಿ 153ರಲ್ಲಿ 99. ಆರಂಭದ ಬಾಡಿ ಇಟ್ಟುಕೊಂಡು ಬೆಳಕು ಕಡಿಮೆ ಇರುವಲ್ಲಿ ಅಂಚಿನ ಪಾಯಿಂಟ್ ಬಳಸಿ ಒದ್ದಾಡಬೇಡಿ, ನಡುವಿನದನ್ನೇ ಬಳಸಿ. ಬಹಳಷ್ಟು ಮಿರರ್‌ಲೆಸ್ ಬಾಡಿಗಳಿಗೂ ಬರೀ ಅಡ್ಡಗೆರೆಗಳಿರುವ ವಸ್ತು ಕಷ್ಟವೇ, ಉದಾಹರಣೆಗೆ ಕಿಟಕಿಯ ಬ್ಲೈಂಡ್ಸ್, ದೇವಸ್ಥಾನದ ಜಗತಿಯ ಪಟ್ಟಿಗಳು. ಕ್ಯಾಮೆರಾವನ್ನು ಕೊಂಚ ಓರೆ ಮಾಡಿ ಫೋಕಸ್ ಹಿಡಿದು, ಮತ್ತೆ ನೇರ ಮಾಡಿ ಕ್ಲಿಕ್ಕಿಸಿ.

ಮತ್ತೊಂದು ಸೂಕ್ಷ್ಮ. ಡಿಎಸ್‌ಎಲ್‌ಆರ್ ವ್ಯೂಫೈಂಡರಿನಲ್ಲಿ ಕಾಣುವ ಚೌಕಕ್ಕಿಂತ ನಿಜವಾಗಿ ಅಳೆಯುವ ಜಾಗ ತುಸು ದೊಡ್ಡದು. ಚೌಕ ಹೆಜ್ಜಾರ್ಲೆಯ ಕಣ್ಣಿನ ಮೇಲೇ ಇತ್ತಲ್ಲ ಅಂತ ನೀವು ಪ್ರಮಾಣ ಮಾಡಿ ಹೇಳಿದರೂ, ಚೌಕದ ಗಡಿಯಾಚೆಗೆ ಇಣುಕಿದ ಕಡ್ಡಿ ಆ ಜಾಗದೊಳಗೆ ಬಂದಿರಬಹುದು. ಕಪ್ಪು ಕಡ್ಡಿ, ಹಿಂದೆ ಹೊಳೆಯುವ ನೀರು: ಆಟೋಫೋಕಸ್‌ಗೆ ಇದಕ್ಕಿಂತ ಒಳ್ಳೆಯ ಅಂಚು ಬೇಕೇ?

ಬಟನ್‌ಗಳನ್ನು ಹೊಂದಿಸುವುದು

ಇದನ್ನು ಬೇಗ ಮುಗಿಸುತ್ತೇನೆ, ಮ್ಯಾನ್ಯುಯಲ್‌ನಲ್ಲಿ ಎಲ್ಲ ಇದೆ. ಒಮ್ಮೆ ಹಿಡಿದು ನಿಲ್ಲುವುದು ಸಿಂಗಲ್, ನಿಕಾನ್ ಮತ್ತು ಸೋನಿಯಲ್ಲಿ ಎಎಫ್-ಎಸ್, ಕ್ಯಾನನ್‌ನಲ್ಲಿ ಒನ್ ಶಾಟ್. ಬಟನ್ ಒತ್ತಿರುವಷ್ಟು ಹೊತ್ತೂ ಬೆನ್ನುಹತ್ತುವುದು ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೋ. ಎರಡರ ನಡುವೆ ತಾನೇ ಆರಿಸಿಕೊಳ್ಳುವ ಎಎಫ್-ಎ ಅಥವಾ ಎಐ ಫೋಕಸ್ ಅನ್ನು ಮರೆತುಬಿಡಿ. ಬೇಕಾದಾಗ ಅದು ಬೇಡದ್ದನ್ನೇ ಆರಿಸುತ್ತದೆ. ಪಾಯಿಂಟ್ ಆರಿಸುವ ಕೆಲಸವನ್ನೂ ಪೂರ್ತಿ ಕ್ಯಾಮೆರಾಗೆ ಒಪ್ಪಿಸಬೇಡಿ. ಹಾಗೆ ಒಪ್ಪಿಸಿದರೆ ಸಾಮಾನ್ಯವಾಗಿ ಹತ್ತಿರದ್ದಕ್ಕೆ ಹೋಗುತ್ತದೆ, ಅಂದರೆ ಮತ್ತೆ ಅದೇ ಕಡ್ಡಿ.

ಎಎಫ್-ಸಿಯಲ್ಲಿ ಒಂದು ಎಚ್ಚರ. ಹೆಚ್ಚಿನ ಬಾಡಿಗಳು ಈ ಮೋಡ್‌ನಲ್ಲಿ ಫೋಕಸ್ ಆಗಿರಲಿ ಬಿಡಲಿ ಕ್ಲಿಕ್ ಆಗಲು ಬಿಡುತ್ತವೆ, ಅದಕ್ಕೆ ರಿಲೀಸ್ ಪ್ರಯಾರಿಟಿ ಅನ್ನುತ್ತಾರೆ. ಅವಕಾಶವಿರುವ ಬಾಡಿಗಳಲ್ಲಿ ಮೆನುವಿನಿಂದ ಫೋಕಸ್ ಪ್ರಯಾರಿಟಿಗೆ ಬದಲಿಸಬಹುದು. ಬರ್ಸ್ಟ್, ಅಂದರೆ ಒಂದರ ಹಿಂದೊಂದು ತೆಗೆಯುವ ಸರಣಿ, ಕೊಂಚ ನಿಧಾನವಾಗುತ್ತದೆ, ಹಾಳು ಚಿತ್ರ ಕಡಿಮೆಯಾಗುತ್ತದೆ. ಬರ್ಸ್ಟ್‌ನ ಮೊದಲ ಒಂದೆರಡು ಚಿತ್ರ ಮಸುಕಾಗಿ ಆಮೇಲಿನವು ಸರಿ ಬರುತ್ತಿದ್ದರೆ ದೋಷ ನಿಮ್ಮ ಬೆರಳಿನದು. ಬೆನ್ನುಹತ್ತಲು ಅದಕ್ಕೆ ಅರ್ಧ ಸೆಕೆಂಡಾದರೂ ಬೇಕು. ಮುಂಚೆಯೇ ಅರ್ಧ ಒತ್ತಿ ಹಿಡಿದುಕೊಂಡಿರಿ.

ಫೋಕಸನ್ನು ಶಟರ್ ಬಟನ್‌ನಿಂದ ಬಿಡಿಸಿ ಹೆಬ್ಬೆರಳಿಗೆ ಕೊಡುವ ಪದ್ಧತಿಯೂ ಒಳ್ಳೆಯದು. ಇದಕ್ಕೆಂದೇ ಇರುವ ಎಎಫ್-ಆನ್ ಬಟನ್ ಇಲ್ಲದ ಬಾಡಿಯಲ್ಲೂ ಸಾಧ್ಯ: ಆರಂಭದ ನಿಕಾನ್‌ಗಳಲ್ಲಿ ಎಇ-ಎಲ್/ಎಎಫ್-ಎಲ್ ಬಟನ್‌ಗೆ, ಕ್ಯಾನನ್ 1500ಡಿಯಲ್ಲಿ ನಕ್ಷತ್ರದ ಗುರುತಿನ ಬಟನ್‌ಗೆ ಈ ಕೆಲಸ ಹಚ್ಚಬಹುದು. ಹೆಬ್ಬೆರಳು ಒತ್ತಿದ್ದರೆ ಬೆನ್ನುಹತ್ತುತ್ತದೆ, ಎತ್ತಿದರೆ ನಿಂತಲ್ಲೇ ನಿಲ್ಲುತ್ತದೆ. ಮೋಡ್ ಬದಲಿಸುವ ಗೋಜಿಲ್ಲ. ಒಂದು ವಾರ ಕೈ ಒಪ್ಪುವುದಿಲ್ಲ. ಆ ವಾರ ಯಾರ ಮದುವೆಯನ್ನೂ ಒಪ್ಪಿಕೊಳ್ಳಬೇಡಿ.

ನಡುವಿನ ಪಾಯಿಂಟ್‌ನಲ್ಲಿ ಹಿಡಿದು ಆಮೇಲೆ ಕ್ಯಾಮೆರಾ ತಿರುಗಿಸಿ ಚೌಕಟ್ಟು ಕಟ್ಟುವುದು ತಪ್ಪು ಅಂತ ಕೇಳಿರುತ್ತೀರಿ. ಪೂರ್ತಿ ನಿಜವಲ್ಲ, ಲೆಕ್ಕ ಹಾಕೋಣ. ಫುಲ್ ಫ್ರೇಮ್‌ನಲ್ಲಿ 85 ಮಿ.ಮೀ. ಲೆನ್ಸ್, ಎದುರಿಗಿರುವವರು ಒಂದೂವರೆ ಮೀಟರ್ ದೂರ. ಕಣ್ಣನ್ನು ನಡುವಿನಿಂದ ಮೇಲಿನ ಮೂರನೇ ಒಂದು ಗೆರೆಗೆ ತರಲು ಕ್ಯಾಮೆರಾ ಸುಮಾರು 4 ಡಿಗ್ರಿ ತಿರುಗುತ್ತದೆ. ಫೋಕಸ್ ಹಿಂದೆ ಸರಿಯುವುದು 4 ಮಿ.ಮೀ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ (ಅಪರ್ಚರ್) ದೊಡ್ಡದು, ಸ್ಪಷ್ಟವಾಗಿ ಕಾಣುವ ಆಳ ಕಡಿಮೆ. ಆದರೂ ಎಫ್/1.8ರಲ್ಲೂ ಒಟ್ಟು ಮೂರು ಸೆಂ.ಮೀ.ಗೂ ಮೀರಿ ಸ್ಪಷ್ಟತೆಯ ಆಳ ಇರುತ್ತದೆ, ಅದರಲ್ಲಿ ಇದು ಲೆಕ್ಕಕ್ಕಿಲ್ಲ. ಅದೇ 35 ಮಿ.ಮೀ. ಲೆನ್ಸ್, ಎಫ್/1.4, ಒಂದು ಮೀಟರ್ ದೂರ, ಮುಖವನ್ನು ಚೌಕಟ್ಟಿನ ಅಂಚಿನ ಹತ್ತಿರ ಒಯ್ಯಬೇಕು ಅಂದರೆ 19 ಡಿಗ್ರಿ ತಿರುಗಬೇಕು. ಈಗ ಫೋಕಸ್ 5 ಸೆಂ.ಮೀ. ಹಿಂದೆ ಹೋಯಿತು, ಕಣ್ಣು ಬಿಟ್ಟು ಕಿವಿಗೆ. ದೂರದವರಿಗೆ, ಟೆಲಿ ಲೆನ್ಸಿಗೆ ಪರವಾಗಿಲ್ಲ. ಹತ್ತಿರದ ವೈಡ್ ಲೆನ್ಸಿಗೆ ಪಾಯಿಂಟನ್ನೇ ಸರಿಸಿ. ಅಷ್ಟು ಹತ್ತಿರದಲ್ಲಿ ನಿಜವಾದ ಶತ್ರು ನಮ್ಮ ಮೈ. ನಿಂತಲ್ಲೇ ಹಿಂದೆ ಮುಂದೆ ಒಂದೆರಡು ಸೆಂಟಿಮೀಟರ್ ತೂಗುತ್ತಿರುತ್ತೇವೆ, ಗೊತ್ತೇ ಆಗುವುದಿಲ್ಲ. ಸಿಂಗಲ್ ಬಿಟ್ಟು ಎಎಫ್-ಸಿ ಇಟ್ಟುಕೊಂಡರೆ ಆ ತೂಗಾಟವನ್ನೂ ಅದು ಸರಿದೂಗಿಸುತ್ತದೆ.

ದೋಣಿಯಲ್ಲಿ ಕೂತು

ರಂಗನತಿಟ್ಟಿಗೆ ಬರೋಣ. ಪಕ್ಷಿತಜ್ಞ ಸಲೀಂ ಅಲಿಯವರು ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾದ ಕಾವೇರಿಯ ಈ ನಡುಗಡ್ಡೆಗಳು ಆಟೋಫೋಕಸ್‌ಗೆ ಎಲ್ಲ ಬಗೆಯ ಪರೀಕ್ಷೆಯನ್ನೂ ಒಂದೇ ಕಡೆ ಒಡ್ಡುತ್ತವೆ: ಅಲುಗುವ ದೋಣಿ, ಎಲೆಗಳ ಹಿಂದೆ ಅಡಗಿದ ಗೂಡು, ಹೊಳೆಯುವ ನೀರು, ತಲೆಯ ಮೇಲೇ ಹಾದುಹೋಗುವ ಹಕ್ಕಿ.

ಕ್ರಾಪ್ ಬಾಡಿ, 150-600 ಮಿ.ಮೀ. ಲೆನ್ಸ್ 600ರಲ್ಲಿ, ಎಫ್/6.3 ಅಂತ ಇಟ್ಟುಕೊಳ್ಳಿ. ಹಕ್ಕಿ 20 ಮೀಟರ್ ದೂರದಲ್ಲಿದ್ದರೆ ಸ್ಪಷ್ಟವಾಗಿ ಕಾಣುವ ಆಳ ಒಟ್ಟು 28 ಸೆಂ.ಮೀ., ಮುಂದೆ 14, ಹಿಂದೆ 14. ಒಂದು ಗೇಣು ಮುಂದಿನ ಕಡ್ಡಿ ಹಿಡಿದರೆ ಕಣ್ಣು ಕೈತಪ್ಪಿತು. ದೋಣಿ ಹತ್ತಿರ ಸರಿದು 10 ಮೀಟರ್ ಆಯಿತು ಅಂದರೆ ಆಳ ಅರ್ಧವಲ್ಲ, ಕಾಲು ಭಾಗಕ್ಕಿಳಿಯುತ್ತದೆ: 7 ಸೆಂ.ಮೀ. ದೋಣಿ ಸುಮ್ಮನೆ ತೇಲುತ್ತಿದ್ದರೂ ಸೆಕೆಂಡಿಗೆ ಕಾಲು ಮೀಟರ್ ಸರಿಯಿತು ಅನ್ನಿ, ಕಾಲು ಸೆಕೆಂಡಿನಲ್ಲಿ 6 ಸೆಂ.ಮೀ. ಮುಗಿಯಿತು. ಸಿಂಗಲ್‌ನಲ್ಲಿ ಹಿಡಿದು, ಪಿಕ್ ಅನ್ನಿಸಿಕೊಂಡು, ಉಸಿರು ಬಿಗಿಹಿಡಿದು ಕ್ಲಿಕ್ ಮಾಡುವಷ್ಟರಲ್ಲಿ ಹಕ್ಕಿ ಫೋಕಸ್‌ನಿಂದ ಹೊರಗಿದೆ. ಕಲ್ಲಿನ ಹಾಗೆ ಕೂತ ಹಕ್ಕಿಗೂ ದೋಣಿಯಿಂದ ಎಎಫ್-ಸಿಯೇ ಬೇಕು ಅನ್ನುವುದು ಇದಕ್ಕೆ. ಶಟರ್ 1/1600, ಐಎಸ್‌ಒ ಆಟೋ. ಟ್ರೈಪಾಡ್ ದೋಣಿಯ ನಡುಕವನ್ನು ಹಾಗೇ ಲೆನ್ಸಿಗೆ ದಾಟಿಸುತ್ತದೆ, ಬೇಡ. ಮೊಣಕೈಯನ್ನು ಮೊಣಕಾಲಿಗೆ ಊರಿ.

ಗೂಡಿನ ಮುಂದೆ ಎಲೆಕೊಂಬೆ ಇದ್ದರೆ ಅತಿ ಚಿಕ್ಕ ಸಿಂಗಲ್ ಪಾಯಿಂಟ್ ಆರಿಸಿ, ಸಂದಿಯಲ್ಲಿ ಕಾಣುವ ಕಣ್ಣು ಅಥವಾ ಕೊಕ್ಕಿನ ಬುಡಕ್ಕೆ ಇಡಿ. ಮೊದಲು ಕೈಯಲ್ಲೇ ಲೆನ್ಸಿನ ಫೋಕಸ್ ರಿಂಗ್ ತಿರುಗಿಸಿ ಹಕ್ಕಿ ಸುಮಾರಾಗಿ ಕಾಣುವ ಹಾಗೆ ಮಾಡಿ, ಆಮೇಲೆ ಬಟನ್ ಒತ್ತಿ. ಆಗಲೇ ಅರೆ ಫೋಕಸ್ ಆಗಿರುವ ಹಕ್ಕಿಯನ್ನು ಬಿಟ್ಟು ಲೆನ್ಸ್ ಕೊಂಬೆಗೆ ಓಡುವುದು ಕಡಿಮೆಯಾಗುತ್ತದೆ. ಲೆನ್ಸಿನ ಬದಿಯಲ್ಲಿ ಫೋಕಸ್ ಲಿಮಿಟರ್ ಸ್ವಿಚ್ ಇದ್ದರೆ ಬಳಸಿ. ನಿಕಾನ್ 200-500ರಲ್ಲಿ ಅದು 6 ಮೀಟರ್‌ಗಿಂತ ಹತ್ತಿರ ಹುಡುಕದಂತೆ ತಡೆಯುತ್ತದೆ. ಆದರೆ ದೋಣಿ ಬಂಡೆಯ ಪಕ್ಕಕ್ಕೇ ಹೋಗಿ ಮೊಸಳೆ 5 ಮೀಟರಿನಲ್ಲಿ ಸಿಕ್ಕಾಗ ಲೆನ್ಸ್ ಕೆಟ್ಟಿತು ಅಂತ ಗಾಬರಿಯಾಗಬೇಡಿ, ಆ ಸ್ವಿಚ್ ನೋಡಿ.

ಹಾರುವ ಹಕ್ಕಿಗೆ ಝೋನ್ ಅಥವಾ ಡೈನಾಮಿಕ್ ಗುಂಪಿನ ಪಾಯಿಂಟ್‌ಗಳು. ಅಡ್ಡ ಬಂದದ್ದಕ್ಕೆ ಎಷ್ಟು ಬೇಗ ಜಗ್ಗಬೇಕು ಎಂಬ ಸೆಟ್ಟಿಂಗ್ ಬೆಲೆಬಾಳುವ ಬಾಡಿಗಳಲ್ಲಿದೆ. ನಿಕಾನ್‌ನಲ್ಲಿ ಬ್ಲಾಕ್ಡ್ ಶಾಟ್ ರೆಸ್ಪಾನ್ಸ್, ಕ್ಯಾನನ್‌ನಲ್ಲಿ ಟ್ರ್ಯಾಕಿಂಗ್ ಸೆನ್ಸಿಟಿವಿಟಿ. ಹಕ್ಕಿ ಮರದ ಹಿಂದೆ ಹಾದು ಬರುವ ಕಡೆ ನಿಧಾನದ ಕಡೆಗೆ ಇಡಿ. ಹಕ್ಕಿ ಕಣ್ಣು ಗುರುತಿಸುವ ಮಿರರ್‌ಲೆಸ್ ಇದ್ದವರಿಗೆ ಅರ್ಧ ಕಷ್ಟ ತಪ್ಪಿತು, ನಿಜ. ಆದರೆ ಅವುಗಳದ್ದೇ ಒಂದು ಹಠ ಇದೆ. ಒಮ್ಮೆ ಹಿನ್ನೆಲೆಯ ಮರಗಳಿಗೆ ಅಂಟಿಕೊಂಡರೆ, ಎದುರಿಗೆ ಹಕ್ಕಿ ಕೂತಿದ್ದರೂ ಮುಂದಕ್ಕೆ ಬರಲು ಒಪ್ಪುವುದಿಲ್ಲ, ಏಕೆಂದರೆ ಅಷ್ಟು ಮಸುಕಾದ ಹಕ್ಕಿಯಲ್ಲಿ ಅಂಚೇ ಉಳಿದಿರುವುದಿಲ್ಲ. ಹಕ್ಕಿಯಷ್ಟೇ ದೂರದ ನೆಲಕ್ಕೋ ಬಂಡೆಗೋ ಒಮ್ಮೆ ಫೋಕಸ್ ಮಾಡಿ ವಾಪಸು ಹಕ್ಕಿಗೆ ಬನ್ನಿ.

ಬಿಸಿಲೇರಿದ ಮೇಲೆ ದೂರದ ಗೂಡುಗಳ ಚಿತ್ರ ಎಷ್ಟು ಮಾಡಿದರೂ ಮೆತ್ತಗೆ ಬರುತ್ತದೆ. ನೀರು, ಬಂಡೆಗಳ ಮೇಲಿನ ಬಿಸಿ ಗಾಳಿ ಅದುರುತ್ತಿರುತ್ತದೆ, ಅಷ್ಟೇ. ಅದಕ್ಕೆ ಯಾವ ಲೆನ್ಸೂ ಏನೂ ಮಾಡಲಾರದು. ಬೆಳಗಿನ ಮೊದಲ ದೋಣಿ ಹಿಡಿಯಿರಿ, ಇಲ್ಲವೇ ಹತ್ತಿರ ಇರುವ ಹಕ್ಕಿಗಳಿಗೆ ತೃಪ್ತರಾಗಿ. ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆಮರದ ಗೂಡುಗಳನ್ನು ಕೆಳಗಿನಿಂದ ತೆಗೆಯುವಾಗ ಈ ಅದುರುವಿಕೆ ಇಲ್ಲ, ಆದರೆ ಹಿಂದಿನ ಬೆಳ್ಳಗಿನ ಆಕಾಶಕ್ಕೆ ಹಕ್ಕಿ ಕಪ್ಪಾಗುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕಿಗೆ, ಮೇಲೆತ್ತಿ.

ಜಂಬೂಸವಾರಿ, ಅರಮನೆ ದೀಪ, ಕಲ್ಲಿನ ಕಂಬ

ಆನೆ ನಿಧಾನ ನಡೆಯುತ್ತದೆ, 1/250 ಸಾಕು. ಇಲ್ಲಿ ಕೆಡಿಸುವುದು ಆಳ. ಆನೆಯ ಹಣೆಗಿಂತ ಅಂಬಾರಿ ಒಂದೆರಡು ಮೀಟರ್ ಹಿಂದಿರುತ್ತದೆ. ಫುಲ್ ಫ್ರೇಮ್‌ನಲ್ಲಿ 200 ಮಿ.ಮೀ., 20 ಮೀಟರ್ ದೂರ, ಎಫ್/2.8ರಲ್ಲಿ ಆಳ ಒಟ್ಟು 1.7 ಮೀಟರ್. ಹಣೆಯ ಚಿತ್ತಾರಕ್ಕೆ ಫೋಕಸ್ ಮಾಡಿದರೆ ಅದರ ಹಿಂದೆ ಉಳಿಯುವುದು 85 ಸೆಂ.ಮೀ., ಅಂಬಾರಿಯೊಳಗಿನ ಚಾಮುಂಡೇಶ್ವರಿ ಮೆತ್ತಗಾಗುತ್ತಾಳೆ. ಎಫ್/5.6ಕ್ಕೆ ಬಂದರೆ ಆಳ 3.4 ಮೀಟರ್. ಹಗಲು, ಬೆಳಕಿಗೆ ಬರವಿಲ್ಲ, 2.8ರ ಲೆನ್ಸ್ ಕೊಂಡಿದ್ದೇನೆ ಅಂತ 2.8ರಲ್ಲೇ ತೆಗೆಯಬೇಕೆಂದಿಲ್ಲ. ಆನೆಯ ಕಪ್ಪು ಚರ್ಮದ ಮೇಲೆ ಚೌಕ ಇಟ್ಟರೆ ಹುಡುಕಾಡುತ್ತದೆ, ಕಣ್ಣಿನ ಬಳಿಯ ಬಣ್ಣದ ಗೆರೆಗೆ ಇಡಿ. ಜನಜಂಗುಳಿಯಲ್ಲಿ ಮುಂದಿನವರು ಮೊಬೈಲ್ ಎತ್ತಿದರೆ ಮುಖ ಗುರುತಿಸುವ ಸೆಟ್ಟಿಂಗ್ (face detection) ಆ ಮೊಬೈಲಿನ ಪಕ್ಕದ ಮುಖಕ್ಕೆ ಜಿಗಿಯುತ್ತದೆ. ಮೆರವಣಿಗೆ ಮುಗಿಯುವ ತನಕ ಅದನ್ನು ಆಫ್ ಮಾಡಿಡಿ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸಿನಲ್ಲಿ ಇಡೀ ಬೀದಿ ಬೇಕೆಂದರೆ ಆಟೋಫೋಕಸ್ಸೇ ಬೇಡ: ಕ್ರಾಪ್ ಬಾಡಿ, 18 ಮಿ.ಮೀ., ಎಫ್/8, ಎರಡು ಮೀಟರಿಗೆ ಫೋಕಸ್ ಇಟ್ಟು ಲಾಕ್ ಮಾಡಿದರೆ ಒಂದು ಮೀಟರಿನಿಂದ ಆಚೆಗೆಲ್ಲ ಸ್ಪಷ್ಟ.

ಅರಮನೆಗೆ ದೀಪ ಹೊತ್ತುವ ಮೊದಲೇ ಹೋಗಿ ನಿಲ್ಲಿ. ಮುಸ್ಸಂಜೆಯ ಬೆಳಕಿರುವಾಗಲೇ ಗುಮ್ಮಟ ಆಕಾಶಕ್ಕೆ ತಾಗುವ ಅಂಚಿಗೆ ಫೋಕಸ್ ಹಿಡಿದು, ಹಿಂದಿನ ಸ್ಕ್ರೀನಿನಲ್ಲೇ ನೋಡುವ ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ ಖಾತ್ರಿ ಮಾಡಿ, ಲೆನ್ಸಿನ ಸ್ವಿಚ್ಚನ್ನು ಎಂಎಫ್‌ಗೆ (ಮ್ಯಾನ್ಯುಯಲ್ ಫೋಕಸ್) ತಳ್ಳಿ. ಆಮೇಲೆ ಝೂಮ್ ಮುಟ್ಟಬೇಡಿ. ಝೂಮ್ ತಿರುಗಿಸಿದರೆ ಬಹಳಷ್ಟು ಲೆನ್ಸ್‌ಗಳಲ್ಲಿ ಫೋಕಸ್ಸೂ ಸರಿದುಬಿಡುತ್ತದೆ. ಟ್ರೈಪಾಡಿದ್ದರೆ ಸ್ಟೆಬಿಲೈಸೇಶನ್ ಆಫ್, ಎರಡು ಸೆಕೆಂಡಿನ ಟೈಮರ್. ಎಲ್ಲವೂ ಸ್ಪಷ್ಟ ಬರಲಿ ಅಂತ ಎಫ್/22ಕ್ಕೆ ಹೋಗುವವರಿದ್ದಾರೆ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಬಾಗಿ ಇಡೀ ಚಿತ್ರ ಮೆತ್ತಗಾಗುತ್ತದೆ. ಎಫ್/8 ಸಾಕು.

ಸೋಮನಾಥಪುರದ ನವರಂಗದೊಳಗೆ ತಿರುಗಣೆಯ ಕಂಬಗಳು ಎಷ್ಟು ನುಣುಪೆಂದರೆ ಆಟೋಫೋಕಸ್ ಜಾರುತ್ತದೆ. ಕಂಬದ ಮೇಲೆ ಬೆಳಕು ಬಿದ್ದು ಹೊಳೆಯುವ ಗೆರೆಗೆ ಇಡಿ, ಅಥವಾ ಕಂಬದ ಬಳೆಗಳ ಅಂಚಿಗೆ. ಪುರಾತತ್ವ ಇಲಾಖೆಯ ತಾಣವಾದ್ದರಿಂದ ಟ್ರೈಪಾಡಿಗೆ ಅನುಮತಿ ಬೇಕು, ಹಾಗಾಗಿ 50 ಮಿ.ಮೀ. ಎಫ್/1.8 ಒಯ್ಯುವುದು ಜಾಣತನ. ಡಿಎಸ್‌ಎಲ್‌ಆರ್ ಫೋಕಸ್ ಅಳೆಯುವುದು ಅಪರ್ಚರ್ ಪೂರ್ತಿ ತೆರೆದಾಗಲೇ, ನೀವು ತೆಗೆಯುವುದು ಎಫ್/5.6ರಲ್ಲಾದರೂ. ದೊಡ್ಡ ಕಿಂಡಿಯ ಲೆನ್ಸ್ ಕತ್ತಲಲ್ಲಿ ಬೇಗ ಹಿಡಿಯಲು ಕಾರಣ ಇದು.

ಮಂಡ್ಯ ಕಡೆಯ ಆಲೆಮನೆಗೆ ಹೋಗುವವರಿಗೆ ಎರಡೇ ಮಾತು. ಕೊಪ್ಪರಿಗೆಯ ಮೇಲೆ ಏಳುವ ಹಬೆಯಲ್ಲಿ ಅಂಚಿಲ್ಲ. ಕೊಪ್ಪರಿಗೆಯ ಕಂಠಕ್ಕೆ ಫೋಕಸ್ ಹಿಡಿದು ಹೆಬ್ಬೆರಳು ಎತ್ತಿಬಿಡಿ. ಮತ್ತೆ, ಆ ಹಬೆ ಲೆನ್ಸಿನ ಮೇಲೂ ಕೂರುತ್ತದೆ, ಅಂಟಾಗುತ್ತದೆ.

ನೆಲವೇ ಡೊಂಕಾಗಿದ್ದರೆ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಡಿಎಸ್‌ಎಲ್‌ಆರ್‌ನಲ್ಲಿ ಒಮ್ಮೊಮ್ಮೆ ನೆಲ ನಿಜವಾಗಿಯೂ ಡೊಂಕಿರುತ್ತದೆ. ಅಳೆಯುವ ಸೆನ್ಸರ್ ಬೇರೆ, ಚಿತ್ರದ ಸೆನ್ಸರ್ ಬೇರೆ ಅಂದೆನಲ್ಲ? ಎರಡಕ್ಕೂ ಬೆಳಕು ಸಾಗುವ ದೂರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಪ್ರತಿ ಚಿತ್ರದಲ್ಲೂ ಫೋಕಸ್ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ತಪ್ಪುತ್ತದೆ. ಒಮ್ಮೆ ಮುಂದೆ ಒಮ್ಮೆ ಹಿಂದೆ ತಪ್ಪಿದರೆ ಅದು ಡೊಂಕಲ್ಲ, ನಮ್ಮ ಕೈಕೆಲಸ.

ಪರೀಕ್ಷೆಗೆ ಐದು ಬೆಂಕಿಪೊಟ್ಟಣ ಸಾಕು. ಮೇಜಿನ ಮೇಲೆ ಮೆಟ್ಟಿಲ ಹಾಗೆ ಓರೆಯಾಗಿ ನಿಲ್ಲಿಸಿ, ಒಂದಕ್ಕಿಂತ ಒಂದು 3 ಸೆಂ.ಮೀ. ಹಿಂದೆ, ಚಿತ್ರವಿರುವ ಮುಖ ನಿಮ್ಮ ಕಡೆ. ಒಂದು ಇನ್ನೊಂದರ ಹಿಂದೆ ಅಡಗಬಾರದು. ಒಳ್ಳೆಯ ಹಗಲು ಬೆಳಕು, ಟ್ರೈಪಾಡ್, ಲೆನ್ಸ್ ಪೊಟ್ಟಣಗಳ ಮಟ್ಟಕ್ಕೆ. 85 ಮಿ.ಮೀ. ಲೆನ್ಸಿಗೆ 2 ಮೀಟರ್ ದೂರ, ಎಫ್/1.8. ನಡುವಿನ ಪಾಯಿಂಟನ್ನು ನಡುವಿನ ಪೊಟ್ಟಣಕ್ಕೆ ಇಟ್ಟು, ವ್ಯೂಫೈಂಡರ್ ಮೂಲಕ ಫೋಕಸ್ ಮಾಡಿ ತೆಗೆಯಿರಿ. ಪ್ರತಿ ಸಲವೂ ರಿಂಗ್ ತಿರುಗಿಸಿ ಫೋಕಸ್ ಪೂರ್ತಿ ಕೆಡಿಸಿ, ಆಮೇಲೆ ಮತ್ತೆ ಹಿಡಿಯಿರಿ, ಐದಾರು ಸಲ. ಕೊನೆಗೆ ಲೈವ್ ವ್ಯೂನಲ್ಲಿ ಒಂದು ತೆಗೆಯಿರಿ, ಅದು ಚಿತ್ರದ ಸೆನ್ಸರಿನಿಂದಲೇ ಅಳೆಯುವುದರಿಂದ ಅದೇ ನಮ್ಮ ತೂಕದ ಬಟ್ಟು. ಲೈವ್ ವ್ಯೂನಲ್ಲಿ ನಡುವಿನ ಪೊಟ್ಟಣ ಸ್ಪಷ್ಟವಿದ್ದು, ವ್ಯೂಫೈಂಡರಿನ ಎಲ್ಲ ಚಿತ್ರಗಳಲ್ಲೂ ಮುಂದಿನದು ಸ್ಪಷ್ಟವಿದ್ದರೆ, ಮೆನುವಿನ ಎಎಫ್ ಫೈನ್ ಟ್ಯೂನ್ ಅಥವಾ ಮೈಕ್ರೋ ಅಡ್ಜಸ್ಟ್‌ಮೆಂಟ್‌ನಲ್ಲಿ ಪ್ಲಸ್ ಕಡೆಗೆ ಐದು ಹೆಜ್ಜೆ ಸರಿಸಿ ಮತ್ತೆ ನೋಡಿ. ಪ್ಲಸ್ ಅಂದರೆ ಫೋಕಸ್ ದೂರಕ್ಕೆ ಹೋಗುತ್ತದೆ. ಮಿತಿ ಎರಡೂ ಕಡೆ 20. ಇಪ್ಪತ್ತಕ್ಕೂ ಸಾಲದಿದ್ದರೆ ಲೆನ್ಸೂ ಬಾಡಿಯೂ ಎರಡೂ ಸೇರಿ ಸರ್ವಿಸ್ ಸೆಂಟರಿಗೆ.

600 ಮಿ.ಮೀ.ಗೆ ಇದೇ ಪರೀಕ್ಷೆ 15 ಮೀಟರಿನಲ್ಲಿ, ಪೊಟ್ಟಣಗಳ ನಡುವೆ 8 ಸೆಂ.ಮೀ. ಬಿಟ್ಟು. ಆರಂಭದ ಬಾಡಿಗಳಲ್ಲಿ ಈ ಮೆನು ಇರುವುದಿಲ್ಲ. ಟ್ಯಾಮ್ರಾನ್, ಸಿಗ್ಮಾದ ಕೆಲವು ಲೆನ್ಸ್‌ಗಳನ್ನು ಅವರದೇ ಡಾಕ್‌ಗೆ ಕೂರಿಸಿ ಕಂಪ್ಯೂಟರಿನಿಂದ ಸರಿಪಡಿಸಬಹುದು. ಮಿರರ್‌ಲೆಸ್‌ನವರು ಈ ಭಾಗವನ್ನು ನಿಶ್ಚಿಂತೆಯಿಂದ ಮರೆಯಬಹುದು.

ಸಭಿಕರ ಪ್ರಶ್ನೆಗಳು

ಸೆಕೆಂಡ್ ಹ್ಯಾಂಡ್ 50 ಎಂಎಂ 1.8 ಡಿ ಲೆನ್ಸ್ ನಮ್ಮ ಡಿ3500ರಲ್ಲಿ ಫೋಕಸ್ಸೇ ಮಾಡ್ತಿಲ್ಲ ಸಾರ್, ಕೆಟ್ಟಿದೆಯಾ?

ಕೆಟ್ಟಿಲ್ಲ. ಆ ಲೆನ್ಸಿನೊಳಗೆ ಮೋಟರ್ ಇಲ್ಲ, ಬಾಡಿಯ ಮೋಟರ್ ತಿರುಗಿಸಬೇಕು. ನಿಕಾನ್ 3000, 5000 ಸಾಲಿನ ಬಾಡಿಗಳಲ್ಲಿ ಆ ಮೋಟರ್ ಇಲ್ಲ. ಎಎಫ್-ಎಸ್ ಅಂತ ಬರೆದಿರುವ ಲೆನ್ಸ್ ಬೇಕು (ಇದು ಒಳಗೆ ಮೋಟರ್ ಇರುವ ಲೆನ್ಸಿನ ಗುರುತು, ಮೊದಲು ಹೇಳಿದ ಸಿಂಗಲ್ ಮೋಡ್ ಅಲ್ಲ). ಈಗ ಇರುವುದನ್ನು ಕೈಯಲ್ಲೇ ತಿರುಗಿಸಿ ಬಳಸಿ. ವ್ಯೂಫೈಂಡರಿನ ಹಸಿರು ಚುಕ್ಕೆ ಆಗಲೂ ಕೆಲಸ ಮಾಡುತ್ತದೆ.

ಝೂನಲ್ಲಿ ಜಾಲರಿಗೇ ಫೋಕಸ್ ಆಗುತ್ತೆ, ಏನ್ ಮಾಡೋದು?

ಬಿಟ್ಟಷ್ಟು ಹತ್ತಿರಕ್ಕೆ ಹೋಗಿ, ಅಪರ್ಚರ್ ಪೂರ್ತಿ ತೆರೆಯಿರಿ, ಝೂಮ್ ಪೂರ್ತಿ ಎಳೆಯಿರಿ, ಪ್ರಾಣಿ ಜಾಲರಿಯಿಂದ ದೂರ ಇರುವಾಗ ತೆಗೆಯಿರಿ. ಜಾಲರಿಯ ನೆರಳಿನ ಭಾಗ ಆರಿಸಿ. ಬಿಸಿಲಿಗೆ ಹೊಳೆಯುವ ತಂತಿ ಎಷ್ಟು ಮಸುಕಾದರೂ ಚಿತ್ರದ ಮೇಲೆ ಬೆಳ್ಳಗೆ ಹರಡುತ್ತದೆ.

ಒಮ್ಮೊಮ್ಮೆ ಲೆನ್ಸ್ ಫೋಕಸ್ ಮಾಡೋದೇ ನಿಲ್ಲಿಸಿ ಎರರ್ ತೋರಿಸುತ್ತೆ...

ಲೆನ್ಸಿನ ಹಿಂದಿರುವ ಚಿನ್ನದ ಬಣ್ಣದ ಸಂಪರ್ಕ ಬಿಂದುಗಳನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ರಬ್ಬರ್ ಹಾಕಿ ಉಜ್ಜಬೇಡಿ, ಅದರ ಪುಡಿ ಬಾಡಿಯೊಳಗೆ ಬೀಳುತ್ತದೆ. ಕನ್ನಡಿಯ ಕೆಳಗಿನ ಎಎಫ್ ಸೆನ್ಸರಿಗೆ ಧೂಳು ಕೂತಿದ್ದರೆ ಬ್ಲೋಯರ್ ಮಾತ್ರ, ಬಟ್ಟೆ ಬೇಡ.

ನೀವು ಮೊದಲು ತೋರಿಸಿದ ಹೆಜ್ಜಾರ್ಲೆ ಚಿತ್ರಾನ ಸಾಫ್ಟ್‌ವೇರಲ್ಲಿ ಸರಿ ಮಾಡ್ಬಹುದಾ?

ಶಾರ್ಪನಿಂಗ್ ಮಾಡುವುದು ಇರುವ ಅಂಚನ್ನು ಎತ್ತಿ ತೋರಿಸುವುದಷ್ಟೇ. ಕಣ್ಣಿನ ಸುತ್ತ ಅಂಚೇ ಇಲ್ಲ. ಎಐ ಹೆಸರಿನ ಹೊಸ ತಂತ್ರಾಂಶಗಳು ಇಲ್ಲದ ಗರಿಗಳನ್ನು ಬರೆದುಕೊಡುತ್ತವೆ. ಫೋಕಸ್ ಕೂದಲಷ್ಟು ತಪ್ಪಿದ್ದರೆ ಒಪ್ಪಬಹುದು, ಒಂದು ಗೇಣು ತಪ್ಪಿದ ಮೇಲೆ ಅದು ಹೆಜ್ಜಾರ್ಲೆಯ ಫೋಟೋ ಅಲ್ಲ, ಪೇಂಟಿಂಗು. ಶಾರ್ಪನಿಂಗ್‌ನ ಹಳೆಯ ಸ್ಲೈಡರನ್ನೇ ಈಗ ಎಳೆಯುತ್ತೇನೆ ನೋಡಿ. ಕಣ್ಣು ಹಾಗೇ ಇದೆ. ಕಡ್ಡಿ ಇನ್ನಷ್ಟು ಚೊಕ್ಕವಾಯಿತು.